ಮಂಜುಳಮ್ಮನವರ ಮನೆ ಮೇಲೆ ಕೆಂಪು ಗೆರೆ

ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರು ಹಾವಿಗೆ ಹೆದರುವುದಿಲ್ಲ, ಕಳ್ಳರಿಗೆ ಹೆದರುವುದಿಲ್ಲ, ಅಷ್ಟೇಕೆ, ಬೀಗರಿಗೂ ಹೆದರುವುದಿಲ್ಲ. ಅವರು ಹೆದರುವುದು ಒಂದಕ್ಕೇ: ಯಾರೋ ಎಲ್ಲೋ ಕೂತು ನಕ್ಷೆಯ ಮೇಲೆ ಎಳೆಯುವ ಕೆಂಪು ಗೆರೆಗೆ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಕ್ರಾಸಿನಲ್ಲಿ ಮೂರು ವರ್ಷ ಬದುಕಿದ್ದ ಒಬ್ಬನೇ ಒಬ್ಬ ಮನುಷ್ಯನೆಂದರೆ ಸಿದ್ಧಲಿಂಗೇಶ.

ಗದಗದ ಕಡೆಯವನು. ವಯಸ್ಸು ಮೂವತ್ತೊಂದು. ಕೆ.ಆರ್. ಪುರದ ಹತ್ತಿರ ರಟ್ಟಿನ ಡಬ್ಬ ಮಾಡುವ ಒಂದು ಕಾರ್ಖಾನೆಯಲ್ಲಿ ನಾಳೆ ಬಿಸ್ಕತ್ತಿನ ಡಬ್ಬ ಎಷ್ಟು ಬೇಕು, ಸೋಪಿನ ಡಬ್ಬ ಎಷ್ಟು ಬೇಕು ಎಂದು ಕಂಪ್ಯೂಟರಿಗೆ ತುಂಬುವುದು ಅವನ ಉದ್ಯೋಗ. ಆದರೆ ಮಹಡಿ ಮೇಲಿನ ಕೋಣೆಯನ್ನು ಬಾಡಿಗೆಗೆ ಕೇಳಲು ಹೋದ ದಿನ ಓನರ್ ಮಂಜುಳಮ್ಮನವರು ಸೊಂಟದ ಬೀಗದ ಕೈ ಗೊಂಚಲು ಝಣಗುಡಿಸಿ, "ಮದ್ವೆ ಆಗಿಲ್ದೋರ್ಗೆ ಮನೆ ಕೊಡಲ್ಲ. ಏನಪ್ಪಾ ಕೆಲ್ಸ ನಿಂದು?" ಎಂದಾಗ ಗಾಬರಿಯಲ್ಲಿ ಅವನ ಬಾಯಿಂದ ಬಂದ ಮಾತು, "ಆಫೀಸರ್ ಅದೀನ್ರೀ."

ಯಾವ ಆಫೀಸು ಎಂದು ಅವರು ಕೇಳಲಿಲ್ಲ. ಇವನೂ ಹೇಳಲಿಲ್ಲ. ಮನೆ ಸಿಕ್ಕಿತು.

ಮಂಜುಳಮ್ಮ ಕೆಟ್ಟವರೇನಲ್ಲ. ನೀರಿನ ಮೋಟರಿನ ಸ್ವಿಚ್ಚು ಅವರ ಕೈಯಲ್ಲಿತ್ತು, ಅಷ್ಟೇ. ಬೆಳಿಗ್ಗೆ ಇಪ್ಪತ್ತು ನಿಮಿಷ ಮೇಲಿನ ಟ್ಯಾಂಕಿಗೆ ನೀರು. ಇಪ್ಪತ್ತೊಂದನೇ ನಿಮಿಷದಲ್ಲಿ ನಿಮ್ಮ ತಲೆಯ ಮೇಲೆ ಸೋಪಿದ್ದರೆ ಅದು ನಿಮ್ಮ ಹಣೆಬರಹ. ಹೋದ ವರ್ಷ ಇವನಿಗೆ ಡೆಂಗ್ಯೂ ಬಂದಾಗ ಮಾತ್ರ ಹನ್ನೆರಡು ದಿನ ಮೂರು ಹೊತ್ತು ಗಂಜಿ ಹೊತ್ತು ಮೆಟ್ಟಿಲು ಹತ್ತಿದ್ದರು. ಹತ್ತುವಾಗೆಲ್ಲ ಬೈದುಕೊಂಡೇ ಹತ್ತಿದ್ದರು.

ಇಂಥ ಸಿದ್ಧಲಿಂಗೇಶನಿಗೆ ಆರು ತಿಂಗಳಿಂದ ಒಂದು ಚಟ ಅಂಟಿತ್ತು. ಭಾನುವಾರ ಇಂದಿರಾನಗರದ ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ ಐದು ಜನ ಮೇಜಿನ ಸುತ್ತ ಕೂರುತ್ತಿದ್ದರು. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಹೀಗೆ ಒಬ್ಬೊಬ್ಬರೂ ಒಂದೊಂದು ಪಾತ್ರ. ಇಪ್ಪತ್ತು ಮುಖದ ದಾಳ ಉರುಳಿಸುತ್ತಾ, ಯಾವುದೋ ಕಲ್ಪನೆಯ ರಾಜ್ಯದಲ್ಲಿ ಕೋಟೆ ನುಗ್ಗಿ, ರಾಕ್ಷಸರನ್ನು ಕೊಂದು, ಸಂಜೆ ಬಸ್ಸು ಹತ್ತಿ ಮನೆಗೆ ಬರುತ್ತಿದ್ದರು. ಆಟ ನಡೆಸುವವನ ಹತ್ತಿರ ಆ ರಾಜ್ಯದ ನಕ್ಷೆ ಇರಬೇಕು, ಯಾವ ಕೋಟೆಯಲ್ಲಿ ಯಾರಿದ್ದಾರೆ ಎಂದು ಬರೆದ ಕೈಪಿಡಿ ಇರಬೇಕು. ಅದು ಆಟದ ಕಾನೂನು.

ಹಿಂದಿನ ಭಾನುವಾರ ಗುಂಪಿನ ಮುಖಂಡ ಮುರಳಿ ಕೇಳಿದ, "ಎಲ್ರೂ ಒಂದೊಂದ್ ಸಲ ನಡ್ಸಿದ್ರು. ಸಿದ್ದು, ನಿನ್ದೇನ್ ಮಗಾ? ಬರೀ ದಾಳ ಉರುಳ್ಸೋದೇನಾ?"

"ನಂದೂ ಒಂದ್ ಲೋಕ ಐತಿ," ಎಂದ ಸಿದ್ಧಲಿಂಗೇಶ. ಅವನ ಹತ್ತಿರ ಆ ಕ್ಷಣಕ್ಕೆ ಇದ್ದದ್ದು ಅರ್ಧ ಕಪ್ ಕಾಫಿ.

"ಮ್ಯಾಪ್ ಇದೆಯಾ?"

"ದೊಡ್ಡ ಮ್ಯಾಪು."

"ಗೈಡು?"

"ಸ್ಪೈರಲ್ ಬೈಂಡಿಂಗ್ ಮಾಡ್ಸೇನಿ."

"ಸೂಪರ್ ಗುರು! ಮುಂದಿನ್ ಭಾನುವಾರ ನೀನೇ ನಡ್ಸು."

ಸೋಮವಾರ, ಮಂಗಳವಾರ ಎರಡು ದಿನ ಖಾಲಿ ಹಾಳೆ ನೋಡುತ್ತಾ ಕೂತ. ಒಂದು ನದಿ ಬಿಡಿಸಿದರೆ ಹುರುಳಿಕಾಯಿಯಂತಾಯಿತು. ಬುಧವಾರ ಬಾಡಿಗೆ ಕರಾರಿನ ಫೈಲು ಕಣ್ಣಿಗೆ ಬಿತ್ತು. ಮಂಜುಳಮ್ಮ ಅದರಲ್ಲಿ ಇಡೀ ಬಡಾವಣೆಯ ಸೈಟ್ ನಕ್ಷೆಯ ಜೆರಾಕ್ಸು ಸೇರಿಸಿಟ್ಟಿದ್ದರು. ರಸ್ತೆ, ಮೋರಿ, ಮೂವತ್ತೊಂದು ಸೈಟು, ಎಲ್ಲ ತಯಾರಾಗಿ ಬಿದ್ದಿತ್ತು! ಸಿದ್ಧಲಿಂಗೇಶ ಅದರ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಅಡಿಯಲ್ಲಿ ಹಾಸಿಕೊಂಡು, ಮೇಲೆ ತನ್ನ ಸಾಮ್ರಾಜ್ಯ ಬಿಡಿಸಿದ. ಮೋರಿ ನದಿಯಾಯಿತು. ಮನೆಗಳು ಕೋಟೆಗಳಾದವು. ನಡೆ ಎಣಿಸಲೆಂದು ಹಾಳೆಯ ತುಂಬ ಆರು ಮೂಲೆಯ ಪುಟ್ಟ ಪುಟ್ಟ ಆಟದ ಮನೆಗಳನ್ನು ಹೆಣೆದ. ಬೆಂಕಿ ಉಗುಳುವ ಘಟಸರ್ಪವೊಂದು ಮಾರ್ಕೆಟ್ ರಸ್ತೆಯಿಂದ ನುಗ್ಗಿ ನೇರವಾಗಿ ಹೋಗುವ ದಾರಿಯನ್ನು ದಪ್ಪ ಕೆಂಪು ಗೆರೆಯಲ್ಲಿ ಎಳೆದ. ಗೆರೆ ನೇರ ಬರಬೇಕೆಂದರೆ ಸೈಟ್ ನಂಬರ್ ಇಪ್ಪತ್ತೇಳರ ಮೇಲೆಯೇ ಹಾಯಬೇಕು. ಇಪ್ಪತ್ತೇಳೆಂದರೆ ಮಂಜುಳಮ್ಮನವರ ಮನೆ. ಹಾಯಿಸಿದ.

ಆಡುವವರಿಗೆ ಘಟಸರ್ಪದ ಗುಟ್ಟು ಮೊದಲೇ ತಿಳಿಯಬಾರದಲ್ಲ? ಹಾಗಾಗಿ ನಕ್ಷೆಯ ಮೂಲೆಯಲ್ಲಿ ಬಣ್ಣಗಳ ಅರ್ಥವನ್ನು ಮಾತ್ರ ಬರೆದ: "ಕೆಂಪು: ಸಂಪೂರ್ಣ ನಾಶ. ಹಳದಿ: ಭಾಗಶಃ ನಾಶ. ಹಸಿರು: ಸದ್ಯಕ್ಕೆ ಅಭಯ."

ಗುಟ್ಟೆಲ್ಲ ಕೈಪಿಡಿಗೆ ಹೋಯಿತು. ಕೋಟೆಗೊಬ್ಬ ನಿವಾಸಿ ಬೇಕು, ಅವನ ಆಯುಧ, ಬಲ, ದೌರ್ಬಲ್ಯ ಬೇಕು. ಮೂವತ್ತೊಂದು ರಾಕ್ಷಸರನ್ನು ಒಂದೇ ಸಂಜೆ ಹೊಸದಾಗಿ ಹುಟ್ಟಿಸುವುದು ಯಾರಿಂದ ಸಾಧ್ಯ? ಕಿಟಕಿಯಿಂದ ಹೊರಗೆ ನೋಡಿದ. ಮೂವತ್ತೊಂದು ಮನೆಗಳೂ ತುಂಬಿದ್ದವು.

ಗುರುವಾರ ಶಿವಾಜಿನಗರದ ಕರೀಂ ಅವರ ಅಂಗಡಿಗೆ ಹೋದ. ಕಟ್ಟಡದ ಪ್ಲಾನುಗಳನ್ನು ಚಾಪೆಯಷ್ಟು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಕೊಡುವ ಅಂಗಡಿ. ಫೈಲು ಕೊಟ್ಟು, ಎದುರಿಗೆ ಸುಲೇಮಾನಿ ಚಹಾ ಕುಡಿದು ಬರುವಷ್ಟರಲ್ಲಿ ಹಾಳೆ ಸುರುಳಿ ಸುತ್ತಿ ತಯಾರು. ಬಿಚ್ಚಿ ನೋಡಿದರೆ ಸಾಮ್ರಾಜ್ಯದ ಹೆಸರಿಲ್ಲ! ಅಡಿಯಲ್ಲಿ ಹಾಸಿಕೊಂಡಿದ್ದ ಸೈಟ್ ನಕ್ಷೆಯನ್ನು ಅಳಿಸಲು ಇವನು ಮರೆತಿದ್ದನಾಗಿ, ಮೂವತ್ತೊಂದು ನಂಬರುಗಳೂ ಬೂದು ಬಣ್ಣದಲ್ಲಿ ಇಣುಕುತ್ತಿದ್ದವು. ಕೆಳಗೆ ಕಪ್ಪು ಚೌಕಟ್ಟಿನೊಳಗೆ, "ಪ್ರಸ್ತಾವಿತ ನಕ್ಷೆ. ಸ್ಥಳ: ನ್ಯೂ ತಿಪ್ಪಸಂದ್ರ."

"ಕರೀಂ ಭಾಯ್, ಇದೇನ್ರೀ ಇದು?"

"ಮೇಲೆ ಏನೋ ಸಾಮ್ರಾಜ್ಯ ಅಂತ ಇತ್ತು ಸಾಬ್, ಶೀಟಿಗೆ ಸೇರ್ಲಿಲ್ಲ, ಕಟ್ ಮಾಡ್ದೆ. ಬಾರ್ಡರ್ ನೀವ್ ಹಾಕೇ ಇರ್ಲಿಲ್ಲ. ಬಾರ್ಡರ್ ಇಲ್ದಿದ್ರೆ ಆಫೀಸ್ನಲ್ಲಿ ವಾಪಸ್ ಕಳಿಸ್ತಾರೆ. ಜಾಗದ ಹೆಸ್ರು ಕೆಳಗಿನ್ ನಕ್ಷೇಲೇ ಇತ್ತು, ನಾನೇ ಹಾಕ್ಬಿಟ್ಟೆ, ಫ್ರೀ."

"ಅಲ್ರೀ, ಪ್ರಸ್ತಾವಿತ ಅಂತ..."

"ಎಲ್ಲಾ ಶೀಟಿಗೂ ಹಾಕ್ತೀನಿ ಸಾಬ್. ಹೋದ್ವಾರ ಒಂದ್ ಮದ್ವೆ ಬೋರ್ಡಿಗೂ ಬಂದ್ಬಿಟ್ಟಿತ್ತು, 'ಪ್ರಸ್ತಾವಿತ ವಧೂವರರು' ಅಂತ. ಮದ್ವೆ ನಿಂತ್ಹೋಯ್ತಾ? ಇಲ್ಲ. ಟೆನ್ಶನ್ ನಕ್ಕೋ, ಬೇಡ."

ಹೊಸದಾಗಿ ಹಾಕಿಸಲು ಹೊತ್ತಿರಲಿಲ್ಲ. ನೋಡಿದರೆ ಚೌಕಟ್ಟು ಚೆನ್ನಾಗಿಯೇ ಕಾಣುತ್ತಿತ್ತು ಕೂಡ. ತಂದ.

ಶುಕ್ರವಾರ ಬೆಳಿಗ್ಗೆ ಸುರುಳಿಯ ಸುಕ್ಕು ಹೋಗಲೆಂದು ನಕ್ಷೆಯನ್ನು ಟೆರೇಸಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಟ್ಟು, ಇಪ್ಪತ್ತು ನಿಮಿಷದ ಸ್ನಾನಕ್ಕೆ ಹೋದ. ಹನ್ನೊಂದನೇ ನಿಮಿಷಕ್ಕೆ ಮಂಜುಳಮ್ಮ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಮೇಲೆ ಬಂದರು. ಹದಿನೇಳನೇ ನಿಮಿಷಕ್ಕೆ ಪಾತ್ರೆ ಬಿದ್ದ ಸದ್ದಾಯಿತು. ತಲೆ ಒರೆಸಿಕೊಳ್ಳುತ್ತಾ ಸಿದ್ಧಲಿಂಗೇಶ ಹೊರಗೆ ಬಂದಾಗ ಟೆರೇಸಿನ ಮೇಲೆ ಮಂಜುಳಮ್ಮ, ಎದುರು ಮನೆಯ ಸುಭದ್ರಮ್ಮ, ಮೂಲೆ ಮನೆಯ ಅಂಜನಮೂರ್ತಿ ಮೂವರೂ ನಕ್ಷೆಯ ಸುತ್ತ, ಹೆಣದ ಸುತ್ತ ನಿಂತಂತೆ ನಿಂತಿದ್ದರು.

ಅಂಜನಮೂರ್ತಿ ಕ್ರಾಸಿನ ನಿವಾಸಿಗಳ ಸಂಘದ ಅಧ್ಯಕ್ಷರು. ಮೂವತ್ತನಾಲ್ಕು ವರ್ಷ ವಿಮಾನದ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಆ ಮೂವತ್ತನಾಲ್ಕು ವರ್ಷದ ಕಥೆಯನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ಬಿಡದೆ ಹೇಳುತ್ತಿದ್ದರು. ಕೇಳುವವರು ಸ್ವಲ್ಪ ಹೊತ್ತು ನಿಂತು, "ಅಯ್ಯೋ, ಸ್ಟವ್ ಮೇಲೆ ಹಾಲಿಟ್ಟು ಬಂದಿದೀನಿ" ಎಂದು ಓಡುತ್ತಿದ್ದರು. ಈ ಕ್ರಾಸಿನಲ್ಲಿ ಜನ ಇಷ್ಟೊಂದು ಹಾಲು ಯಾಕೆ ಕುಡಿಯುತ್ತಾರೆಂದು ಅವರಿಗೆ ಬಹಳ ದಿನದಿಂದ ಆಶ್ಚರ್ಯವಿತ್ತು.

"ಸಾರ್," ಎಂದರು ಮಂಜುಳಮ್ಮ. ಮೂರು ವರ್ಷ 'ಏನಪ್ಪಾ' ಎಂದಿದ್ದ ಬಾಯಿಂದ 'ಸಾರ್' ಬಂದದ್ದೇ ಸಿದ್ಧಲಿಂಗೇಶ ತನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ. "ಸಾರ್, ಇದು ನಿಮ್ ಆಫೀಸಿಂದಾ?"

"ಅಲ್ರೀ... ಅದು... ಆಟದ್ದು ಐತ್ರೀ."

"ಆಟಕ್ಕೆ ಸೈಟ್ ನಂಬರ್ ಯಾಕ್ರೀ?" ಎಂದು ಅಂಜನಮೂರ್ತಿ ಮಂಡಿಯೂರಿ ಕನ್ನಡಕ ಏರಿಸಿದರು. "ಮೂವತ್ನಾಲ್ಕು ವರ್ಷ ಡ್ರಾಯಿಂಗ್ ಓದಿರೋ ಕಣ್ಣಿದು. ನನ್ ಹತ್ರ ಮುಚ್ಚಿಡ್ಬೇಡಿ. ಇದು ಮೇಲ್ಸೇತುವೆ. ಈ ಆರು ಮೂಲೆ ಮೂಲೆ ಇದೆಯಲ್ಲ, ಇವೆಲ್ಲ ಪಿಲ್ಲರು."

"ಇಷ್ಟೊಂದಾ?" ಎಂದರು ಸುಭದ್ರಮ್ಮ. ಇಡೀ ಹಾಳೆಯಲ್ಲಿ ಎರಡು ಸಾವಿರದಷ್ಟಿದ್ದವು.

"ಭದ್ರವಾಗಿ ಕಟ್ತಾರೆ ಅಂತ ಅರ್ಥ. ಹೂಂ, ಕೆಂಪು, ಸಂಪೂರ್ಣ ನಾಶ. ಸರ್ಕಾರ ಇಷ್ಟು ನೇರವಾಗಿ ಬರೆದಿದ್ದು ನಾನು ಇದೇ ಮೊದಲು ನೋಡ್ತಿರೋದು."

ಸುಭದ್ರಮ್ಮ ತಮ್ಮ ಮನೆಯ ಬಣ್ಣ ಹುಡುಕಿದರು. ಹಳದಿ. "ಭಾಗಶಃ ಅಂದ್ರೆ ಯಾವ ಭಾಗ ಸಾರ್? ದೇವರ ಮನೆ ಕಡೆನಾ, ಬಚ್ಚಲ ಕಡೆನಾ?"

ಈಗ ಸಿದ್ಧಲಿಂಗೇಶ ಬಾಯಿ ಬಿಟ್ಟರೆ ಬಣ್ಣಗೇಡು. ಆಟದ್ದೆಂದು ಸಾಬೀತು ಮಾಡಬೇಕೆಂದರೆ ಕೈಪಿಡಿ ತೋರಿಸಬೇಕು. ಕೈಪಿಡಿ ತೋರಿಸಿದರೆ ಸೈಟ್ ಇಪ್ಪತ್ತೇಳರಲ್ಲಿ ಯಾರಿದ್ದಾರೆಂದು ಸೈಟ್ ಇಪ್ಪತ್ತೇಳರವರು ಓದುತ್ತಾರೆ. ಅವನು ಒದ್ದೆ ಟವೆಲ್ಲನ್ನು ಕತ್ತಿಗೆ ಬಿಗಿಯಾಗಿ ಸುತ್ತಿಕೊಂಡು, "ಇನ್ನೂ ಫೈನಲ್ ಆಗಿಲ್ರೀ" ಎಂದುಬಿಟ್ಟ.

ಅದು ಅವನು ಆ ವಾರ ಆಡಿದ ಅತಿ ದೊಡ್ಡ ತಪ್ಪು ಮಾತು. ಫೈನಲ್ ಆಗಿಲ್ಲವೆಂದರೆ ಬದಲಾಯಿಸಬಹುದು ಎಂದಾಯಿತು. ಬದಲಾಯಿಸುವವನು ಇವನೇ ಎಂದೂ ಆಯಿತು.

ಅಂಜನಮೂರ್ತಿ ನಕ್ಷೆಯನ್ನು 'ಸಂಘದ ವಶಕ್ಕೆ' ತೆಗೆದುಕೊಂಡು, ನೇರವಾಗಿ ವಾರ್ಡ್ ಆಫೀಸಿಗೆ ಹೋದರು. ಅಲ್ಲಿದ್ದ ಇಂಜಿನಿಯರು ನಕ್ಷೆಯನ್ನು ಉದ್ದಕ್ಕೆ ನೋಡಿದರು, ಅಡ್ಡಕ್ಕೆ ನೋಡಿದರು. ತನಗೆ ಗೊತ್ತಿಲ್ಲದ ಯೋಜನೆ ತನ್ನ ವಾರ್ಡಿನಲ್ಲಿದೆ ಎಂದು ಒಪ್ಪಿಕೊಳ್ಳುವುದು ಹೇಗೆ? "ಇದು ಮೇಲಿಂದ ಬಂದಿರೋದು. ನಮಗೆ ಕಾಪಿ ಬರೋದು ಸ್ವಲ್ಪ ಲೇಟು," ಎಂದು ಗಂಭೀರವಾಗಿ ಹೇಳಿ, ತಮಗೊಂದು ಜೆರಾಕ್ಸು ತೆಗೆಸಿಟ್ಟುಕೊಂಡು, ಮೂಲದ ಮೇಲೆ ನೀಲಿ ಸೀಲು ಒತ್ತಿ ಕೊಟ್ಟರು: "ಸ್ವೀಕರಿಸಲಾಗಿದೆ."

ಹೀಗೆ ಘಟಸರ್ಪಕ್ಕೆ ಸರ್ಕಾರಿ ಸೀಲು ಬಿತ್ತು.

ಶುಕ್ರವಾರ ಸಂಜೆ ಸಿದ್ಧಲಿಂಗೇಶ ಕೆಲಸದಿಂದ ಬಂದಾಗ ಮೆಟ್ಟಿಲ ಮೇಲೆ ಸುಭದ್ರಮ್ಮ ಕೂತಿದ್ದರು. ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಬಿಸಿ ಒಬ್ಬಟ್ಟು.

"ತುಪ್ಪ ಹಾಕಿದೀನಿ ಸಾರ್. ತಿಂತಾ ಕೇಳಿ. ಆ ಹಳದಿ ಇದೆಯಲ್ಲ, ಅದನ್ನ ಒಂಚೂರು ಹಸಿರು ಮಾಡ್ಬಿಡಿ. ಪಕ್ಕದ ಬಾಡಿಗೆ ಮನೆ ಮೇಲೆ ತಳ್ಳಿದ್ರೆ ಯಾರಿಗೂ ತೊಂದ್ರೆ ಇಲ್ಲ. ಓನರ್ ದುಬೈನಲ್ಲಿದಾನೆ."

ಸಿದ್ಧಲಿಂಗೇಶನ ಬಾಯಲ್ಲಿ ಒಬ್ಬಟ್ಟಿತ್ತು. ಒಬ್ಬಟ್ಟು ಬಾಯಲ್ಲಿದ್ದಾಗ ಸತ್ಯ ಹೇಳುವುದು ಮನುಷ್ಯಮಾತ್ರರಿಗೆ ಕಷ್ಟ. "ನೋಡ್ತೀನ್ರೀ," ಎಂದ.

ಈ 'ನೋಡ್ತೀನಿ' ಕ್ರಾಸಿನಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಸರ್ಕಾರಿ ಭಾಷೆ ಬಲ್ಲವರಿಗೆ ಗೊತ್ತು, 'ಆಗಲ್ಲ' ಎಂದರೆ ಕಷ್ಟ, 'ನೋಡ್ತೀನಿ' ಎಂದರೆ ಆಯಿತು ಎಂದೇ ಅರ್ಥ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮನೆಯವರು ಬಂದು ಹೋದರು. ಒಬ್ಬರು ಚಕ್ಕುಲಿ, ಒಬ್ಬರು ಮಾವಿನ ಮಿಡಿ, ಒಬ್ಬರು ದೊನ್ನೆ ಬಿರಿಯಾನಿ. ಲಿಂಗಾಯತರ ಹುಡುಗ ಎಂದು ತಿಳಿದಮೇಲೆ ಅದನ್ನು ವಾಪಸ್ ಒಯ್ದು ಬಿಸಿಬೇಳೆ ಭಾತ್ ತಂದರು. ಎಲ್ಲರದೂ ಒಂದೇ ಕೋರಿಕೆ: ಗೆರೆ ಆ ಕಡೆ ಸರಿಯಲಿ. ಆ ಕಡೆಯವರದು: ಈ ಕಡೆ. ಅಂಜನಮೂರ್ತಿಗಳೂ ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ಗುರುತು ಸಿಗದಂತೆ ಬಂದು, "ಅಧ್ಯಕ್ಷನಾಗಿ ನಾನು ಹೋರಾಟ ಮಾಡ್ತೀನಿ. ಅದು ಬೇರೆ. ಮೂಲೆ ಮನೆ ಮಾತ್ರ ನಿಮ್ ಗಮನದಲ್ಲಿರ್ಲಿ" ಎಂದರು.

ಮೂರು ಗಂಟೆಗೆ ಗದಗದಿಂದ ತಾಯಿ ಪಾರ್ವತೆವ್ವನ ಫೋನು. ಕ್ರಾಸಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ದೂರದ ಸಂಬಂಧಿಯೊಬ್ಬ ಸುದ್ದಿ ಮುಟ್ಟಿಸಿದ್ದ.

"ಯಪ್ಪಾ, ಡಬ್ಬಿ ಮಾಡೋ ಕೆಲ್ಸ ಬಿಟ್ಟು ಮಂದಿ ಮನಿ ಕೆಡವೋ ನೌಕರಿ ಹಿಡ್ದಿಯಂತ? ಯಾಕಪ್ಪಾ? ನಾವು ಉಪವಾಸ ಇದ್ವೇನು? ಆ ಗಂಜಿ ಕೊಟ್ಟಾಕಿ ಮನೀನೇ ಮೊದ್ಲಂತಲ್ಲ?"

"ಯವ್ವಾ, ಹಂಗೇನಿಲ್ಲ, ನಾ ಹೇಳೋದು ಕೇಳು..."

"ಕೇಳೂದೇನೈತಿ? ಉಂಡ ಮನಿ ಜಂತಿ ಎಣಿಸಬ್ಯಾಡ ಅಂತ ಅಂತಿದ್ವಿ. ನೀ ಜಂತೀನ ಕಿತ್ತಾಕೀಯಲ್ಲೋ!"

ಫೋನು ಇಟ್ಟಾಗ ಬಾಗಿಲಲ್ಲಿ ಮಂಜುಳಮ್ಮ ನಿಂತಿದ್ದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಸೊಂಟದಲ್ಲಿ ಬೀಗದ ಕೈ ಗೊಂಚಲು ಸದ್ದು ಮಾಡಲಿಲ್ಲ.

"ಸಾರ್, ನಾನ್ ಏನೂ ಕೇಳೋಕ್ ಬಂದಿಲ್ಲ. ಗೆರೆ ನನ್ ಮನೆ ಮೇಲಿಂದ ತಳ್ಳಿದ್ರೆ ಇನ್ನೊಬ್ರು ಮನೆ ಮೇಲೆ ಬೀಳತ್ತೆ. ಅದ್ಯಾಕೆ?" ಎಂದು ಹೊಸ್ತಿಲ ಮೇಲೆ ಕೂತರು. "ಬ್ರೋಕರ್ ವಿರೂಪಾಕ್ಷಪ್ಪ ಬಂದಿದ್ದ. ಇಂಥ ಜಾಗ ಯಾರೂ ಮುಟ್ಟಲ್ಲ, ನಮ್ ಪಾರ್ಟಿಗೆ ಮಾತ್ರ ಧೈರ್ಯ ಇದೆ, ಬಂದಷ್ಟಕ್ಕೆ ಕೊಟ್ಬಿಡಿ ಅಂದ. ನಾಳೆ ಹತ್ ಗಂಟೆಗೆ ಸೈನ್ ಹಾಕ್ತೀನಿ. ನೀವು ಬೇರೆ ಮನೆ ನೋಡ್ಕೋಬೇಕು ಅಂತ ಹೇಳೋಣ ಅಂತ ಬಂದೆ."

"ಆಂಟಿ! ಸೈನ್ ಹಾಕಬ್ಯಾಡ್ರಿ! ಅದು ಖರೇನ ಆಟದ್ದು. ಗೆರಿ ಇಲ್ಲ, ಸೇತುವೆ ಇಲ್ಲ, ಏನೂ ಇಲ್ಲ!"

ಮಂಜುಳಮ್ಮ ಅವನ ಮುಖವನ್ನೇ ನೋಡಿದರು. "ನನ್ ಸಮಾಧಾನಕ್ಕೆ ಹೇಳ್ತಿದೀರ. ಸೀಲು ನಾನೇ ನೋಡಿದೀನಿ ಸಾರ್." ಎದ್ದು ಗೋಡೆಯನ್ನು ಒಮ್ಮೆ ಸವರಿದರು. "ಈ ಗೋಡೆಗೆ ನಮ್ಮನೆಯವರು ಇಟ್ಟಿಗೆ ಕೊಡ್ತಿದ್ರು, ನಾನು ಮೇಲೆ ನಿಂತು ಹಿಡ್ಕೊಳ್ತಿದ್ದೆ. ಒಂದೂ ಕೆಳಗೆ ಬಿಟ್ಟಿಲ್ಲ." ಅಷ್ಟು ಹೇಳಿ ಇಳಿದು ಹೋದರು. ಹೋಗುವಾಗ ಮೋಟರ್ ಹಾಕಿದರು. ನೀರು ಒಂದು ಗಂಟೆ ಬಂತು. ಟ್ಯಾಂಕು ತುಂಬಿ ಹರಿದರೂ ಆರಿಸಲು ಯಾರೂ ಬರಲಿಲ್ಲ. ಆ ಹರಿಯುವ ಸದ್ದು ಕೇಳುತ್ತಾ ಸಿದ್ಧಲಿಂಗೇಶ ಹನ್ನೊಂದು ಮನೆಯ ಡಬ್ಬಿಗಳನ್ನೂ ಮುಚ್ಚಿಟ್ಟ.

ಭಾನುವಾರ ಹತ್ತಕ್ಕೆ ಐದು ನಿಮಿಷವಿರುವಾಗ ಮುರಳಿಯ ಫೋನು. "ಎಲ್ಲಿದೀಯ ಮಗಾ? ನಾವೆಲ್ಲ ಬಂದಾಯ್ತು. ಮ್ಯಾಪ್ ಎಲ್ಲಿ?"

"ಮ್ಯಾಪು ಸಂಘದ ವಶದಾಗ ಐತಿ."

"ಯಾವ್ ಸಂಘ ಗುರು?"

ಫೋನು ಕಟ್ ಮಾಡಿ, ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟಿದ್ದ ಕೈಪಿಡಿಯನ್ನು ತೆಗೆದು, ಅಕ್ಕಿ ಕೊಡವಿ, ಮೆಟ್ಟಿಲಿಳಿದ. ಹದಿನೆಂಟು ಮೆಟ್ಟಿಲು. ಎರಡು ಸಲ ವಾಪಸ್ ಹತ್ತಿದ್ದರಿಂದ ಅವನಿಗೆ ಸುಮಾರು ಐವತ್ತಾದವು.

ಮಂಜುಳಮ್ಮನವರ ನಡುಮನೆಯಲ್ಲಿ ಅರ್ಧ ಕ್ರಾಸು ನೆರೆದಿತ್ತು. ನಕ್ಷೆ ಗೋಡೆಯ ಮೇಲೆ, ದೇವರ ಕ್ಯಾಲೆಂಡರಿನ ಪಕ್ಕ ತೂಗುತ್ತಿತ್ತು. ವಿರೂಪಾಕ್ಷಪ್ಪ ಕರಾರಿನ ಮೇಲೆ ಬೆರಳಿಟ್ಟು, "ಇಲ್ಲಿ ಅಮ್ಮಾ, ಪೆನ್ಸಿಲ್ ಗುರುತು ಹಾಕಿರೋ ಕಡೆ" ಎನ್ನುತ್ತಿದ್ದ. ಮಂಜುಳಮ್ಮ ಪೆನ್ನಿನ ಮುಚ್ಚಳ ತೆಗೆದಿದ್ದರು.

"ನಿಲ್ರೀ!" ಎಂದು ಸಿದ್ಧಲಿಂಗೇಶ ಕೂಗಿದ. ಕೂಗು ಕೀರಲಾಗಿ ಬಂತಾದರೂ ಎಲ್ಲರಿಗೂ ಕೇಳಿಸಿತು. "ನಾ ಆಫೀಸರ್ ಅಲ್ರೀ. ಬಿಸ್ಕತ್ ಡಬ್ಬಿ ಕಾರ್ಖಾನಿಯಾಂವ. ಆ ಮ್ಯಾಪು ನಾನೇ ಬರ್ದಿದ್ದು. ಪುರಾವೆ ಇಲ್ಲೈತಿ."

ಅಂಜನಮೂರ್ತಿ ಪುಸ್ತಕ ಕಿತ್ತುಕೊಂಡರು. ಮೊದಲ ಪುಟವನ್ನು ಆಫೀಸಿನ ಆದೇಶ ಓದುವ ಧಾಟಿಯಲ್ಲಿ ಗಟ್ಟಿಯಾಗಿ ಓದಿದರು: "ಕೆಂಪು ಗೆರೆ. ಬೆಂಕಿ ಉಗುಳುವ ಘಟಸರ್ಪವು ಹಾದುಹೋಗುವ ಮಾರ್ಗ." ತಲೆ ಎತ್ತಿದರು. "ಘಟಸರ್ಪ ಯಾವ ಇಲಾಖೆ?"

"ಇಲಾಖೆ ಅಲ್ರೀ. ಹಾವು. ರೆಕ್ಕಿ ಇರೋ ಹಾವು."

"ಎಲ್ಲಾ ಕೋಡ್ ಹೆಸರು ಸಾರ್," ಎಂದ ವಿರೂಪಾಕ್ಷಪ್ಪ ಆತುರದಿಂದ. "ದೊಡ್ಡ ಯೋಜನೆಗಳಿಗೆ ಹಿಂಗೇ ಇಡ್ತಾರೆ. ಅಮ್ಮಾ, ನೀವು ಸೈನ್ ಹಾಕಿ."

"ಮುಂದಿನ ಪುಟ ಓದ್ರೀ," ಎಂದ ಸಿದ್ಧಲಿಂಗೇಶ. ಕಣ್ಣು ಮುಚ್ಚಿಕೊಂಡ. "ಸೈಟ್ ಮೂವತ್ತೊಂದು ಓದ್ರೀ."

ಮೂವತ್ತೊಂದು ಎಂದರೆ ಮೂಲೆ ಮನೆ. ಅಂಜನಮೂರ್ತಿಗಳ ಧ್ವನಿ ಇನ್ನಷ್ಟು ಏರಿತು. "ಸೈಟ್ ಮೂವತ್ತೊಂದು. ಅಂಜನಾಸುರ. ಆಯುಧ: ಬಾಯಿ. ಹತ್ತಿರ ಬಂದವರಿಗೆ ತನ್ನ ಮೂವತ್ತನಾಲ್ಕು ವರ್ಷಗಳ ಕಥೆಯನ್ನು ಹೇಳುತ್ತಾನೆ. ಕೇಳಿದವರು ಮೂರು ಸರದಿ ನಿದ್ದೆಗೆ ಬೀಳುತ್ತಾರೆ. ಪಾರಾಗುವ ಉಪಾಯ: ಸ್ಟವ್ ಮೇಲೆ ಹಾಲಿದೆ ಎನ್ನು..."

ಓದು ನಿಂತಿತು. ಅಂಜನಮೂರ್ತಿ ನಿಧಾನವಾಗಿ ಪುಸ್ತಕ ಕೆಳಗಿಳಿಸಿ, ನಡುಮನೆಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದರು. ಒಬ್ಬೊಬ್ಬರೂ ಫ್ಯಾನು ನೋಡಿದರು.

"ನೀವೆಲ್ಲ... ಇಷ್ಟ್ ವರ್ಷದಿಂದ... ಆ ಹಾಲು..."

ಸುಭದ್ರಮ್ಮ ಸೆರಗು ಬಾಯಿಗೆ ತುರುಕಿಕೊಂಡರೂ ನಗು ಮೂಗಿನಿಂದ ಹೊರಟಿತು. ಅದರ ಹಿಂದೆ ಇಡೀ ನಡುಮನೆ ನಕ್ಕಿತು. ಅಂಜನಮೂರ್ತಿ ಸೇಡು ತೀರಿಸಿಕೊಳ್ಳುವವರಂತೆ ಸರಸರ ಪುಟ ಹಿಂದೆ ತಿರುವಿದರು. "ನಗ್ತೀರಾ? ಇರಿ! ಸೈಟ್ ಇಪ್ಪತ್ತಾರು. ಸುಭದ್ರಾ ದುರ್ಗ. ಎತ್ತರದ ಗೋಪುರದಲ್ಲಿ ಕೂತ ಹದ್ದಿನ ಕಣ್ಣಿನ ಯಕ್ಷಿಣಿ. ಇಡೀ ಬೀದಿಯಲ್ಲಿ ಯಾರ ಮನೆಗೆ ಯಾವ ಪಾರ್ಸೆಲ್ ಬಂತೆಂದು ಬಲ್ಲಳು. ಬಲ: ಹದಿನೆಂಟು!"

ಸುಭದ್ರಮ್ಮನವರ ನಗು ನಿಂತಿತು. ಈಗ ಯಾರಿಗೂ ಅನುಮಾನ ಉಳಿಯಲಿಲ್ಲ. ಯಾವ ಸರ್ಕಾರವೂ ಇಷ್ಟು ಸರಿಯಾಗಿ ಸರ್ವೆ ಮಾಡಲಾರದು.

ವಿರೂಪಾಕ್ಷಪ್ಪ ಕರಾರನ್ನು ಮಡಚಿ ಚೀಲದೊಳಗೆ ಇಳಿಸುತ್ತಾ, "ನನಗೆ ಮೊದ್ಲೇ ಡೌಟಿತ್ತು. ಬರ್ತೀನಮ್ಮಾ, ಸ್ಟವ್ ಮೇಲೆ..." ಎಂದವನು ನಾಲಿಗೆ ಕಚ್ಚಿಕೊಂಡು ಹೊರಟೇಬಿಟ್ಟ.

ಮಂಜುಳಮ್ಮ ಮಾತ್ರ ಅಲುಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. "ಅಂಜನಮೂರ್ತಿಯವ್ರೇ, ಇಪ್ಪತ್ತೇಳು ಓದಿ."

"ಆಂಟಿ, ಬ್ಯಾಡ್ರೀ..."

"ಓದಿ."

"ಸೈಟ್ ಇಪ್ಪತ್ತೇಳು," ಎಂದು ಅಂಜನಮೂರ್ತಿ ಗಂಟಲು ಸರಿಮಾಡಿಕೊಂಡರು. "ಮಕರಮಂಜುಳೆ. ಕೊಳ ಕಾಯುವ ಹೆಣ್ಣು ಮೊಸಳೆ. ಲೋಕದ ನೀರೆಲ್ಲ ಇವಳ ಒಂದು ಸ್ವಿಚ್ಚಿನಲ್ಲಿದೆ. ದಿನಕ್ಕೆ ಇಪ್ಪತ್ತು ನಿಮಿಷ ಬಿಡುತ್ತಾಳೆ. ತಲೆಗೆ ಸೋಪು ಹಚ್ಚಿಕೊಂಡವರ ಆಕ್ರಂದನ ಇವಳಿಗೆ ಕೇಳಿಸದು. ಆಯುಧ: ಬೀಗದ ಕೈ ಗೊಂಚಲು. ಬಲ: ಹದಿನಾಲ್ಕು. ದೌರ್ಬಲ್ಯ..." ಇಲ್ಲಿ ಅವರ ಧಾಟಿ ಸ್ವಲ್ಪ ತಗ್ಗಿತು. "ದೌರ್ಬಲ್ಯ: ಯಾರಿಗಾದರೂ ಜ್ವರ ಬಂದರೆ ಮೊಸಳೆಯ ರೂಪ ಬಿಟ್ಟು ಗಂಜಿ ತರುತ್ತಾಳೆ. ಆ ಹೊತ್ತಿನಲ್ಲಿ ಅವಳ ಮೇಲೆ ಕತ್ತಿ ಎತ್ತಿದ ಆಟಗಾರ ಆಟದಿಂದಲೇ ಹೊರಗೆ."

ಸಿದ್ಧಲಿಂಗೇಶ ಮನಸ್ಸಿನಲ್ಲೇ ಪಾತ್ರೆ ಪಡಗ ಕಟ್ಟಿ, ಹಾಸಿಗೆ ಸುತ್ತಿ, ಆಟೋ ಕರೆದಿದ್ದ.

"ಹದಿನಾಲ್ಕಾ?" ಎಂದರು ಮಂಜುಳಮ್ಮ.

"ಆಂ?"

"ನನಗೆ ಹದಿನಾಲ್ಕು. ಆ ಸುಭದ್ರಮ್ಮಂಗೆ ಹದಿನೆಂಟು. ಒಂದು ಸಿಲಿಂಡರ್ ಎತ್ತಕ್ಕಾಗಲ್ಲ ಅವಳ ಕೈಲಿ! ಏನಪ್ಪಾ, ನೀನ್ ಯಾವ್ ಕಣ್ಣಲ್ಲಿ ನೋಡಿ ಬರ್ದೆ?"

'ಏನಪ್ಪಾ' ಕೇಳಿದ್ದೇ ಸಿದ್ಧಲಿಂಗೇಶ ಮನಸ್ಸಿನಲ್ಲಿ ಕರೆದಿದ್ದ ಆಟೋವನ್ನು ವಾಪಸ್ ಕಳಿಸಿದ. ಅಷ್ಟರಲ್ಲಿ ಸುಭದ್ರಮ್ಮ, "ಸಿಲಿಂಡರ್ ಎತ್ತಲ್ಲ ಅಂದ್ರೆ? ಬಾ ಈಗ್ಲೇ!" ಎಂದು ಎದ್ದರು. ಅಂಜನಮೂರ್ತಿ, "ನನ್ ಬಲದ್ ಪಾಯಿಂಟೇ ಬರೆದಿಲ್ವಲ್ರೀ ಇದ್ರಲ್ಲಿ! ಇದು ಅಧ್ಯಕ್ಷರಿಗೆ ಮಾಡಿದ ಅವಮಾನ!" ಎಂದು ಹರಿಹಾಯ್ದರು.

ಸೋಮವಾರ ಬೆಳಿಗ್ಗೆ ಮತ್ತೆ ಡಬ್ಬಿಗಳ ಮೆರವಣಿಗೆ. ಈ ಸಲ ಗೆರೆ ಸರಿಸಲು ಯಾರೂ ಕೇಳಲಿಲ್ಲ. ಒಬ್ಬರಿಗೆ ಎರಡು ಪಾಯಿಂಟ್ ಹೆಚ್ಚು ಬೇಕು, ಇನ್ಯಾರಿಗೋ ಪಕ್ಕದ ಮನೆಯವರದು ಒಂದು ಕಡಿಮೆಯಾಗಬೇಕು. ಅಂಜನಾಸುರನಿಗೆ ಗದೆ ಬೇಕು. ಆಟ ಮುಂದಿನ ಭಾನುವಾರ ಇದೇ ಟೆರೇಸಿನ ಮೇಲೆ ಎಂದು ಮುರಳಿಗೆ ತಿಳಿಸಿಯಾಗಿತ್ತು. ಎಲ್ಲರಿಗಿಂತ ಮೊದಲು ಕಾಫಿ ಹಿಡಿದು ಬಂದಿದ್ದವರು ಮಂಜುಳಮ್ಮ. ಸಿದ್ಧಲಿಂಗೇಶ ರೂಢಿಯಂತೆ "ನೋಡ್ತೀನ್..." ಎನ್ನಹೋಗಿ, ಆ ಪದವನ್ನು ಕಾಫಿಯೊಂದಿಗೆ ನುಂಗಿ, ಅವರ ಕಣ್ಣೆದುರೇ ಬಲದ ಅಂಕಿ ತಿದ್ದಿ ಕೊಟ್ಟಿದ್ದ. ನೀರು ಅಂದು ನಲವತ್ತು ನಿಮಿಷ ಬಂತು. ಅವನು ಎರಡು ಸಲ ಸೋಪು ಹಚ್ಚಿಕೊಂಡ.

ಒಂದೇ ಒಂದು ವಿಷಯ ಎಲ್ಲರಿಗೂ ಮರೆತಿತ್ತು. ವಾರ್ಡ್ ಆಫೀಸಿನಲ್ಲಿ ಒಂದು ಜೆರಾಕ್ಸು ಉಳಿದಿತ್ತು.

ಬುಧವಾರ ಹನ್ನೊಂದು ಗಂಟೆಗೆ, ರಜೆ ಹಾಕಿ ಮನೆಯಲ್ಲಿದ್ದ ಸಿದ್ಧಲಿಂಗೇಶ ಟೆರೇಸಿನಿಂದ ಬಗ್ಗಿ ನೋಡಿದಾಗ, ಕ್ರಾಸಿನಲ್ಲಿ ಇಬ್ಬರು ಅಳತೆ ಟೇಪು ಬಿಚ್ಚುತ್ತಿದ್ದರು. ಒಬ್ಬನ ಕೈಯಲ್ಲಿ ಫೈಲು, ಇನ್ನೊಬ್ಬನ ಕೈಯಲ್ಲಿ ಕೆಂಪು ಪೇಂಟಿನ ಡಬ್ಬ.

"ರೀ, ಸೈಟ್ ನಂಬರ್ ಇಪ್ಪತ್ತೇಳು ಯಾವ್ದು?" ಎಂದು ಫೈಲಿನವನು ಕೂಗಿದ. "ಮೇಲಿಂದ ಬಂದಿದೆ, ಮಾರ್ಕ್ ಮಾಡ್ಬೇಕು."

ಸಿದ್ಧಲಿಂಗೇಶ ಟೆರೇಸಿನ ಕಟ್ಟೆಯ ಹಿಂದೆ ಕುಕ್ಕರಿಸಿ ಕಣ್ಣಷ್ಟೇ ಹೊರಗಿಟ್ಟ. ಕೆಳಗೆ ಬಾಗಿಲು ತೆರೆದ ಸದ್ದಾಯಿತು. ಮಂಜುಳಮ್ಮ ಹೊರಗೆ ಬಂದು, ಟೇಪು ನೋಡಿದರು, ಪೇಂಟು ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಗದ ಕೈ ಗೊಂಚಲನ್ನು ಬಲಗೈಗೆ ತೆಗೆದುಕೊಂಡರು. ಆಮೇಲೆ ಕತ್ತೆತ್ತಿ ಟೆರೇಸಿನ ಕಡೆ ನೋಡಿದರು.

"ಏನಪ್ಪಾ, ನಂದೀಗ ಎಷ್ಟು?"

"ಹತ್ತೊಂಬತ್ತು, ಆಂಟಿ."

"ಸಾಕು," ಎಂದು ಅವರು ಗೇಟು ತೆರೆದರು.